ಹೊಳೆಯುವ ಕಲ್ಲಿನ ಬಾವಿ

ಬಾವಿಯಲ್ಲಿ ಬಂಗಾರ ಸಿಕ್ಕಿತೆಂಬ ಸುದ್ದಿ ಬಂದಾಗ ನಾನು ಶಾವಿಗೆ ಹೊಸೆಯುತ್ತಿದ್ದೆ.

ಬಿಸಿಲೇರುವ ಮೊದಲೇ ಮುಗಿಸಬೇಕೆಂದು ನಸುಕಿನಲ್ಲಿ ಹಿಟ್ಟು ನಾದಿ, ಓರೆಯಾಗಿ ನಿಲ್ಲಿಸಿದ ಶಾವಿಗೆ ಮಣೆಯ ಮೇಲೆ ಕುಳಿತಿದ್ದೆ. ಅಂಗೈ ತಿಕ್ಕಿದಂತೆ ಹಿಟ್ಟು ಎಳೆ ಎಳೆಯಾಗಿ ಇಳಿಯುತ್ತಿತ್ತು. ಕೆಳಗೆ ಕುಳಿತ ಅತ್ತೆ ಅದನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಇಳಿಬಿಡುತ್ತಿದ್ದರು. ನನ್ನ ಗಂಡ ಹಿತ್ತಲ ಬಾಗಿಲಿನಿಂದ ಓಡಿ ಬಂದರು. ಮೈಯೆಲ್ಲ ಕಲ್ಲಿನ ಪುಡಿ.

“ಯವ್ವಾ, ಬಂಗಾರ! ಬಾವ್ಯಾಗ ಬಂಗಾರ ಹತ್ತೇತಿ!”

ಅತ್ತೆ ಕತ್ತೆತ್ತಲಿಲ್ಲ. “ನೀರು?” ಎಂದರು.

“ನೀರಲ್ಲಬೇ, ಬಂಗಾರ!”

“ಹಂಗಾರ ಕೂಗಬ್ಯಾಡ. ಎಳಿ ಹರದೀತು.”

ಎಳೆ ಹರಿದೇ ಹೋಯಿತು, ನನ್ನ ಕೈಯಲ್ಲಿ. ಬಂಗಾರವೆಂಬ ಮಾತು ಕೇಳಿದ ಮೇಲೆ ಯಾವ ಹೆಂಗಸಿನ ಕೈ ನಿಲ್ಲದೆ ಇದ್ದೀತು? ಅತ್ತೆಯ ಕೈ ಮಾತ್ರ ನಿಲ್ಲಲಿಲ್ಲ. ಹರಿದ ತುಂಡನ್ನು ಎತ್ತಿ ಮತ್ತೆ ಹಿಟ್ಟಿನ ಮುದ್ದೆಗೆ ಸೇರಿಸಿ, “ನಾದು ತಂಗಿ” ಎಂದರು; ನನ್ನನ್ನು ಕರೆಯುವುದೇ ಹಾಗೆ.

ಆ ಬಾವಿ ಯಾಕೆ ತೋಡಿಸುತ್ತಿದ್ದೆವು ಎಂಬುದನ್ನು ಮೊದಲು ಹೇಳಬೇಕು.

ನನ್ನ ತವರು ಸವಣೂರಿನ ಕಡೆಯ ಹತ್ತಿಮತ್ತೂರು. ಅಲ್ಲಿ ಎರೆಹೊಲ, ಅರೆಯುವ ಕಲ್ಲು ಬೇಕೆಂದರೂ ದೂರದಿಂದ ತರಬೇಕು. ನನ್ನನ್ನು ಕೊಟ್ಟದ್ದು ಹಿರೇಕೆರೂರಿನ ಕಡೆಯ ಒಂದು ಸಣ್ಣ ಊರಿಗೆ, ಗುಡ್ಡದ ಬುಡಕ್ಕೆ. ಇಲ್ಲಿ ಕಲ್ಲಿಗೇನೂ ಕೊರತೆಯಿಲ್ಲ. ಮನೆಯ ಹಿಂದಿನ ಗುಡ್ಡದ ಮೇಲೆ ಹಸಿರು ಬಣ್ಣದ ದುಂಡು ಕಲ್ಲುಗಳು, ಮದುವೆಯ ಮನೆಯಲ್ಲಿ ಲೋಡು ಒಟ್ಟಿದ ಹಾಗೆ ಒಂದರ ಮೇಲೊಂದು ಮಲಗಿದ್ದವು. ಹೊಸದಾಗಿ ಬಂದಾಗ ಅವನ್ನು ನೋಡಿ, ಯಾರು ಇಷ್ಟು ಅಚ್ಚುಕಟ್ಟಾಗಿ ಒಟ್ಟಿದರೋ ಅಂದುಕೊಂಡಿದ್ದೆ.

ಅತ್ತೆಯವರ ದಿನ ಲಿಂಗಪೂಜೆಯಿಂದ ಶುರುವಾಗುತ್ತಿತ್ತು. ಪೂಜೆಗೆ ಬೇಕಾದ ನೀರಿಗೆ ನಮ್ಮಲ್ಲಿ ಅಗ್ಘವಣಿ ಅನ್ನುತ್ತೇವೆ. ಆ ನೀರನ್ನು ಬೇರೆಯವರಿಂದ ತರಿಸಿದವರಲ್ಲ ಅವರು. ಕತ್ತಲು ಹರಿಯುವ ಮುಂಚೆ ಹಳ್ಳಕ್ಕೆ ಹೋಗಿ, ದನ ಇಳಿಯುವ ಮೊದಲೇ ತಾವೇ ತುಂಬಿಕೊಂಡು ಬರುತ್ತಿದ್ದರು. ಒಂದು ದಿನ ಹಳ್ಳದ ದಂಡೆಯಲ್ಲಿ ಜಾರಿ ಬಿದ್ದರು. ಸೊಂಟ ಮುರಿಯಲಿಲ್ಲ, ಅದು ಶಿವನ ದಯೆ. ಆದರೆ ಅಂದಿನಿಂದ ನಡು ಬಾಗಿತು, ಹಳ್ಳದ ಇಳಿಜಾರು ಅವರಿಗೆ ಮುಗಿದ ಮಾತಾಯಿತು.

ಮಾವನವರು ಮಾತು ಕಡಿಮೆ ಆಡುವವರು. ಮರುವಾರವೇ ವಡ್ಡರನ್ನು ಕರೆಸಿ ಹಿತ್ತಲಿನಲ್ಲಿ ಬಾವಿ ತೋಡಲು ಹಚ್ಚಿದರು. ಹೆಂಡತಿಗೆ ಬಾವಿ ತೋಡಿಸಿದ ಗಂಡಸು ನಮ್ಮ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆಗೆ ಅದು ಎಲ್ಲಿಗೆ ತಟ್ಟಿತೋ ಏನೋ, ಬಸವ ಜಯಂತಿಯ ದಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹರಕೆ ಹೊತ್ತರು: ಈ ಬಾವಿಯ ನೀರು ಲಿಂಗದ ಮೇಲೆ ಬೀಳುವ ತನಕ ತಾನು ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಊಟ. ಅಲ್ಲಿಯವರೆಗೆ ಹಳ್ಳದ ನೀರನ್ನು ನಾನು ತಂದುಕೊಡಬಹುದೆಂದು ಒಪ್ಪಿಕೊಂಡರು. ನೀರು ಬೇಗ ಬಂದೀತು ಎಂದು ಎಲ್ಲರೂ ನಂಬಿದ್ದೆವು.

ನೀರಿನ ಬದಲು ಆ ಕಲ್ಲು ಬಂತು.

ಗಂಡನ ಬೆನ್ನ ಹಿಂದೆ ನಾನೂ ಹೋಗಿ ನೋಡಿದೆ. ಕಪ್ಪು ಹಲಗೆಯಂಥ ಕಲ್ಲಿನ ಪಕ್ಕದಲ್ಲಿ ಹಿತ್ತಾಳೆಯ ಹಾಗೆ ಹಳದಿ, ಒತ್ತೊತ್ತಾಗಿ ತುಂಬಿಕೊಂಡ ಕಲ್ಲು. ಅಂಗೈಯಷ್ಟು ಚೂರು ಎತ್ತಿದರೂ ಕೈ ಜಗ್ಗುವ ಭಾರ. ವಡ್ಡರು ಸುತ್ತಿಗೆ ಹಾಕಿದರೆ ಕಿಡಿ ಹಾರುತ್ತಿತ್ತು. ಆ ಕಿಡಿಯ ಜೊತೆಗೇ ಕಜ್ಜಿಗೆ ಹಚ್ಚುವ ಗಂಧಕದ ವಾಸನೆ. ಬಂಗಾರಕ್ಕೆ ವಾಸನೆ ಇರುತ್ತದೆಯೇ ಎಂದು ಆ ದಿನ ಯಾರೂ ಕೇಳಲಿಲ್ಲ.

ಮಾವನವರು ಕೆಲಸ ನಿಲ್ಲಿಸಿದರು. ಅದು ಎರಡನೆಯ ಮಹಾಯುದ್ಧದ ಕಾಲ. ತಾಮ್ರ, ಹಿತ್ತಾಳೆ, ಕಬ್ಬಿಣ ಯಾವುದೂ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ನೆಲದಲ್ಲಿ ಬಂಗಾರವಿದೆ ಎಂದು ಸರಕಾರದವರ ಕಿವಿಗೆ ಬಿದ್ದರೆ ಮನೆ ಹಿತ್ತಲು ಎರಡೂ ಹೋದಾವು ಎಂಬ ಹೆದರಿಕೆ ಅವರಿಗೆ. ವಡ್ಡರನ್ನು ಮನೆಗೆ ಕಳಿಸಿ ಬಾವಿಯ ಬಾಯಿಗೆ ಜಾಲಿಮುಳ್ಳು ಬಡಿದರು. ಒಂದು ಚೂರನ್ನು ಧೋತರದ ಅಂಚಿನಲ್ಲಿ ಕಟ್ಟಿಕೊಂಡು ಹಾನಗಲ್ಲಿಗೆ ಹೋಗಿ, ಬಂಗಾರದ ಕೆಲಸದ ಗುರುತಿನ ಪತ್ತಾರನಿಗೆ ತೋರಿಸಿದರು. ಒರೆಗಲ್ಲಿಗೆ ತಿಕ್ಕಿದರೆ ಬಂಗಾರದ ಗೆರೆ ಬಂಗಾರದಂತೆಯೇ ಮೂಡುತ್ತದೆಯಂತೆ. ಈ ಕಲ್ಲು ಕಪ್ಪು ಗೆರೆ ಎಳೆಯಿತು.

“ಪತ್ತಾರ ಸುಳ್ಳ ಹೇಳ್ತಾನ” ಎಂದು ತಿರುಗಿ ಬಂದರು. “ಅವನ ಕಣ್ಣ ನೋಡಿದ್ರ ಗೊತ್ತಾಕ್ಕೈತಿ. ತನಗ ಬೇಕಾಗೇತಿ ಅದಕ್ಕ.”

“ಬಂಗಾರ ಕುಡ್ಯಾಕ ಬರ್ತೈತೇನ್ರಿ?” ಎಂದರು ಅತ್ತೆ.

“ಒಂದೀಟು ತಡಿ. ತಿಳದಾಂವ ಯಾರರ ಸಿಗ್ಲಿ.”

ಅತ್ತೆ ತಡೆದರು. ಗಂಡನಿಗೆ ಎದುರಾಡುವ ಹೆಂಗಸಲ್ಲ, ಹರಕೆ ಮುರಿಯುವ ಹೆಂಗಸೂ ಅಲ್ಲ. ದೊಡ್ಡದೊಂದು ಕಲ್ಲನ್ನು ಮಾವನವರು ತೊಳೆದು ದೇವರ ಜಗಲಿಯ ಮೇಲೆ ಕೆಂಪು ವಸ್ತ್ರ ಹಾಸಿ ಇಟ್ಟರು. ದಿನಾ ಅದಕ್ಕೂ ನೀರು, ವಿಭೂತಿ, ಹೂವು. ನಾವು ನೀರಿಗೆ ಕಾದೆವು, ಅವರು ತಿಳಿದವನಿಗೆ ಕಾದರು.

ಪಕ್ಕದಲ್ಲಿ ಅತ್ತಾರರ ಮನೆ. ಬೇರು, ಕಾಯಿ, ಕುಂಕುಮ, ಅರಿಷಿಣ ಮಾರುವವರು. ಆ ಮನೆಯಾಕೆ ಸವಣೂರಿನವಳು, ನನ್ನ ತವರಿನ ಕಡೆಯವಳೆಂದು ಸಲಿಗೆ. ಬೇಲಿಯ ಆಚೆಯಿಂದ ಅಣಕಿಸುತ್ತಿದ್ದಳು: “ಏನ ಅಕ್ಕಾ, ಬಂಗಾರದ ಬಾವಿ ಮನಿಯಾಕಿ ಇನ್ನಾ ಗಾಜಿನ ಬಳಿ ಹಾಕ್ಕೊಂಡೀಯಲ್ಲ! ನಮ್ಮ ಮನಿ ಕೊಡಕ್ಕೊಂದು ಬಂಗಾರದ ಮುಚ್ಚಳ ಮಾಡ್ಸಿಕೊಡಽ.”

“ನೀರ ಬರ್ಲಿ ತಡಿ, ಕೊಡಾನ ಕೊಡ್ತೇನಿ” ಅನ್ನುತ್ತಿದ್ದೆ. ನಗು ಬರುತ್ತಿರಲಿಲ್ಲ.

ಮುಂಗಾರಿನ ಮಿರಗದ ಮಳೆ ಸುರಿಯಿತು. ಯಾರೂ ತೋಡದಿದ್ದರೂ ಬಾವಿಯಲ್ಲಿ ನೀರು ಜಿನುಗಿ ನಿಂತಿತು. ಗಂಡನಿಗೆ ಹೇಳಿ ಮುಳ್ಳು ಸರಿಸಿ, ಅತ್ತೆ ತಾವೇ ಹಗ್ಗ ಬಿಟ್ಟು ಒಂದು ಬಿಂದಿಗೆ ಸೇದಿದರು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ತುಸು ವಾಸನೆ ಇತ್ತು, ಹೊಸ ಬಾವಿಯಲ್ಲವೇ ಅಂದುಕೊಂಡೆವು. ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಆ ನೀರೆರೆದರು. ಕರಡಿಗೆಯನ್ನೂ ಅದೇ ನೀರಿನಲ್ಲಿ ತೊಳೆದು, ಹಾಗೇ ಒದ್ದೆಯಾಗಿಯೇ ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು. ಎರಡು ಹೊತ್ತಿನ ಅಡಿಗೆಗೆ ನಾನು ಅಕ್ಕಿ ಆರಿಸಲು ಕುಳಿತೆ.

ಸಂಜೆ ದೀಪ ಹಚ್ಚುವಾಗ ನೋಡಿದೆ. ಅವರ ಸೀರೆಯ ಮೇಲೆ ಆ ಕರಡಿಗೆ ಹಂಚಿನ ತಳದಂತೆ ಕಪ್ಪಾಗಿತ್ತು.

ಅತ್ತೆ ಸೆರಗಿನಿಂದ ತಿಕ್ಕಿದರು, ಕಪ್ಪು ಹೋಗಲಿಲ್ಲ. ಅವರ ತಾಯಿ ಕೊಟ್ಟ ಕರಡಿಗೆ ಅದು. ಮೈ ಬೆವರಿ ಮಾಸುವುದು ಬೇರೆ; ಒಂದು ಹಗಲಿನಲ್ಲಿ ಹೀಗೆ ಕಪ್ಪಾದದ್ದನ್ನು ಯಾರೂ ಕಂಡಿರಲಿಲ್ಲ.

“ಶಿವ ಒಲ್ಲೆ ಅಂದ” ಎಂದರು ಕೊನೆಗೆ. “ನೀರ ಬೇಡಿದ್ವಿ. ಬಂಗಾರ ಕಂಡ ಕೂಡ್ಲೆ ನೀರ ಬಿಟ್ಟು ಅದರ ಮುಂದ ನಿಂತ್ವಿ, ಜಗಲಿ ಮ್ಯಾಲೂ ಇಟ್ವಿ. ಅದಕ್ಕಽ ಒಲ್ಲೆ ಅಂದ.”

ಮಾವನವರು ಆ ಮಾತಿಗೆ ಎದ್ದು ಹೊರಗೆ ಹೋದರು.

ಮಠದ ಅಯ್ಯನವರು ಬಂದು ನೋಡಿ, ಶಾಂತಿ ಮಾಡಿಸೋಣ, ಬೇರೆ ಕರಡಿಗೆ ತರಿಸಿರಿ ಎಂದರು. “ಕರಡಿಗಿ ಪಾಪ ಏನ ಮಾಡೀತ್ರಿ? ನೀರಿಗೆ ನಾ ಬ್ಯಾಡಾಗೇನಿ” ಎಂದುಬಿಟ್ಟರು ಅತ್ತೆ. ಹರಕೆಯಲ್ಲಿ ಈ ಬಾವಿಯ ನೀರು ಅಂದಿದ್ದರು. ಈ ಬಾವಿ ಅವರ ಪೂಜೆಯನ್ನು ಒಪ್ಪಲಿಲ್ಲ. ಹಾಗಾದ ಮೇಲೆ ಒಂದು ಹೊತ್ತಿನ ಊಟಕ್ಕೂ ತನಗೆ ಅಧಿಕಾರವಿಲ್ಲವೆಂದು ರೊಟ್ಟಿ ಬಿಟ್ಟರು. ಹಳ್ಳದ ನೀರಿನಲ್ಲಿ ಪೂಜೆ, ಆಮೇಲೆ ಒಂದು ಬಟ್ಟಲು ಅಂಬಲಿ. ಬರಬರುತ್ತ ಅದೂ ಹೋಗಿ ಮಜ್ಜಿಗೆ ಮಾತ್ರ ಉಳಿಯಿತು.

ಬಾವಿಯ ನೀರು ಬೇರೆ ಯಾವುದಕ್ಕೂ ಆಗಲಿಲ್ಲ. ಬೇಳೆ ಹಾಕಿದರೆ ಬೇಯದು. ಬಟ್ಟೆ ಒಗೆದರೆ ತುಕ್ಕಿನ ಕಲೆ. ಬಾಯಿಗೆ ಹಾಕಿದರೆ ಹುಳಿ, ಒಗರು. ಸೇದಿಟ್ಟ ಕೊಡದಲ್ಲಿ ಮರುದಿನ ಕೆಂಪು ಕೆನೆ. ಜಗಲಿಯ ಕಲ್ಲು ಕೂಡ ಬದಲಾಗುತ್ತಿತ್ತು: ಹೊಳಪು ಮಾಸಿ ಸೀಳು ಬಿಟ್ಟು, ಸೀಳಿನಲ್ಲಿ ಬೂದು ಹಸಿರಿನ ಉಪ್ಪು ಕಟ್ಟುತ್ತಿತ್ತು. ನಾನು ಒರೆಸುತ್ತಿದ್ದೆ, ಅದು ಮತ್ತೆ ಕಟ್ಟುತ್ತಿತ್ತು.

ಅತ್ತೆಯ ಬಳೆಗಳು ಮುಂಗೈಯಿಂದ ಮೊಳಕೈಗೆ ಜಾರತೊಡಗಿದವು. ಪೂಜೆಗೆ ಕುಳಿತರೆ ಲಿಂಗ ಹಿಡಿದ ಎಡಗೈ ನಡುಗುತ್ತಿತ್ತು. ಆ ಕೈಯನ್ನು ನಾನು ಕೆಳಗಿನಿಂದ ಹಿಡಿದು ಕೂರುತ್ತಿದ್ದೆ. ಹಿಡಿಯಲು ಬಿಟ್ಟರಲ್ಲ, ಆಗ ನಾನು ಕಂಡ ದಯೆ ಅದೊಂದೇ.

ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮ ಬಂದ. ಅವನು ಪುಣೆಯಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದ. ಹತ್ತಿಮತ್ತೂರಿನಲ್ಲಿ ಅವನಿಗೆ ಕಲ್ಲೋದುವ ಹುಡುಗ ಎಂದೇ ಹೆಸರು. ಬಂಕಾಪುರದ ತನಕ ಚಕ್ಕಡಿ, ಅಲ್ಲಿಂದ ಇದ್ದಿಲಿನ ಹೊಗೆ ಉಗುಳುವ ಮೋಟಾರು, ಮತ್ತೆ ಚಕ್ಕಡಿ. ಬಂದು ಇಳಿದಾಗ ಮುಖ ಮಸಿಯಾಗಿತ್ತು.

“ಏನಕ್ಕಾ, ಗಂಟ ಕಟ್ಟಿಲ್ಲೇನ ಇನ್ನಾ? ಅವ್ವ ಉಂಡಿ ಕಟ್ಟಿಟ್ಟು ದಾರಿ ನೋಡಾಕತ್ತಾಳ.”

“ಈ ಸರತಿ ಬರೂದಿಲ್ಲೋ” ಎಂದೆ. ಅತ್ತೆಯ ಕೋಣೆಯ ಕಡೆ ಕೈ ತೋರಿಸಿ ಎಲ್ಲವನ್ನೂ ಹೇಳಿದೆ.

ಅವನು ಕಾಲು ತೊಳೆದವನೇ ಜಗಲಿಯ ಮುಂದೆ ಕುಳಿತ. ಕಲ್ಲನ್ನು ಎತ್ತಿದರೆ ಅಡಿಯ ಕೆಂಪು ವಸ್ತ್ರ ಹುಡಿಹುಡಿಯಾಗಿ ಕೈಗೆ ಬಂತು, ಸುಟ್ಟ ಹಾಗೆ.

“ಮಾವಾರ, ಇದು ಬಂಗಾರ ಅಲ್ರಿ.”

“ಹಾನಗಲ್ಲ ಪತ್ತಾರ ನಿನಗೂ ಏನರ ಕೊಟ್ಟಾನೇನೋ?”

“ಬಂಗಾರ ಬೆವರೂದಿಲ್ರಿ ಮಾವಾರ. ಇದು ಕಬ್ಬಣ ಮತ್ತ ಗಂಧಕ ಕೂಡಿದ ಕಲ್ಲು. ಗಾಳಿ ನೀರು ಎರಡೂ ತಾಗಿದ್ರ ಕೊಳೀತೈತಿ. ಕೊಳತಾಗ ಹುಳಿ ನೀರು ಬಿಡತೈತಿ, ಅರಿವಿ ಸುಡುವಂಥಾ ಹುಳಿ. ಈ ಹಸರ ಉಪ್ಪ ಐತಲ್ಲ, ಇದಽ ಅನ್ನಭೇದಿ. ಬಾಜೂಕಿನ ಅತ್ತಾರರ ಮನ್ಯಾಗ ಸಿಗತೈತಿ, ಶಾಯಿ ಮಾಡಾಕ ಒಯ್ತಾರ.”

ಅಂದು ಮಧ್ಯಾಹ್ನ ನನ್ನ ಗಂಡ ಮತ್ತು ತಮ್ಮ ಸೇರಿ ಬಾವಿಯ ನೀರನ್ನು ಆದಷ್ಟು ಮೊಗೆದು ಚೆಲ್ಲಿದರು. ತಮ್ಮ ಹಗ್ಗ ಹಿಡಿದು ಕೆಳಗಿಳಿದ. ಮೇಲೆ ಬಂದಾಗ ಅವನ ಮುಖದಲ್ಲಿ ಕಾಶಿ ನೋಡಿ ಬಂದವರ ಕಳೆ ಇತ್ತು. ಅತ್ತೆಯನ್ನು ಎತ್ತಿ ತಂದು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂರಿಸಿದೆವು.

“ಅತ್ತಿ, ಗುಡ್ಡದ ಮ್ಯಾಲೆ ಲೋಡಿನಂಥಾ ಹಸರ ಕಲ್ಲ ಅದಾವಲ್ಲ, ಬಲ್ಲಿರೇನ?”

“ಅದರ ಮ್ಯಾಲೆ ಸೌದಿ ಹೊರಿ ಇಳಿಸಿ ಕುಂದರ್ತಿದ್ದೆ.”

“ಅವು ಒಂದ ಕಾಲಕ್ಕ ಬೆಂಕಿಯೊಳಗ ಕರಗಿದ್ದ ಕಲ್ಲು. ಸಮುದ್ರದ ತಳಾ ಒಡದು ಮ್ಯಾಲೆ ಉಕ್ಕಿ, ತಣ್ಣೀರಿಗೆ ಬಿದ್ದು, ಹಂಗ ಗುಂಡಗಾಗಿ ಹೆಪ್ಪುಗಟ್ಯಾವು.”

“ಬಿಸಿ ತುಪ್ಪ ನೀರಿಗೆ ಬಿದ್ದಂಗ” ಎಂದರು ಅತ್ತೆ ಮೆಲ್ಲಗೆ.

“ಹಿರೇಕೆರೂರ ಕೆರಿ ತುಂಬಿದ್ರ ಸಾಕಾಗೇತಿ ನಮಗ, ಇವ ಸಮುದ್ರನ ತಂದ” ಎಂದರು ಮಾವನವರು. ಆದರೂ ಹತ್ತಿರ ಬಂದು ಕುಳಿತರು.

ತಮ್ಮ ಆ ದಿನ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮನುಷ್ಯರಿಲ್ಲದ, ಗಿಡಮರವಿಲ್ಲದ ಕಾಲ. ಈ ನೆಲವೆಲ್ಲ ಸಮುದ್ರದ ಅಡಿಯಲ್ಲಿತ್ತು. ತಳದ ಕೆಳಗೆ ಬೆಂಕಿ. ತಳದ ಬಿರುಕುಗಳಲ್ಲಿ ಸಮುದ್ರದ ನೀರು ಕೆಳಗಿಳಿಯುತ್ತದೆ. ಇಳಿದಷ್ಟೂ ಕಾಯುತ್ತದೆ. ಬಿಸಿನೀರು ಕಷಾಯದ ಬೇರಿನಿಂದ ಸತ್ವ ಎಳೆಯುವ ಹಾಗೆ, ಆ ಕಾದ ಉಪ್ಪುನೀರು ಕಲ್ಲಿನೊಳಗಿನ ಕಬ್ಬಿಣ, ತಾಮ್ರ, ಸತುವು, ಸೀಸವನ್ನು ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದು ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ಹಾಗೆ ತುಂಬಿಕೊಂಡ ನೀರು ಬೇರೊಂದು ಬಿರುಕಿನಿಂದ ಮೇಲೆ ನುಗ್ಗಿ, ಸಮುದ್ರದ ತಣ್ಣೀರಿಗೆ ತಾಗಿದ ಕೂಡಲೇ ಹೊತ್ತದ್ದನ್ನು ಹೊರಲಾರದೆ ಕೆಳಗೆ ಹಾಕುತ್ತದೆ. ಲೋಹಗಳು ಗಂಧಕದ ಜೊತೆ ಕೂಡಿ ಕಪ್ಪು ಮಸಿಯಂತೆ ಉದುರುತ್ತವೆ. ಉದುರಿ ಉದುರಿ ಆ ಬಾಯಿಯ ಸುತ್ತ ದಿಬ್ಬವಾಗುತ್ತದೆ. ಬಹಳ ಬಿಸಿಯಿರುವ ಬಾಯಿಯ ಹತ್ತಿರ ತಾಮ್ರ ನಿಲ್ಲುತ್ತದೆ. ಸತುವು, ಸೀಸ ತಣ್ಣಗಿನ ಅಂಚಿಗೆ ಹೋಗಿ ನಿಲ್ಲುತ್ತವೆ. ಕಬ್ಬಿಣ ಎಲ್ಲ ಕಡೆ. ಬಂಗಾರ ಎಲ್ಲೋ ಚಿಟಿಕೆಯಷ್ಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಇದು ಬೆಂಕಿಕಲ್ಲಿನ ನಡುವೆ ಆಗುವ ಬಗೆ. ಇನ್ನೊಂದು ಬಗೆ ಇದೆಯಂತೆ. ಬೆಂಕಿಬೆಟ್ಟ ಹತ್ತಿರವಿಲ್ಲದ ಕಡೆ, ಕೆಸರು ತುಂಬಿದ ಸಮುದ್ರದ ತಗ್ಗುಗಳಲ್ಲಿ, ಬಿಸಿ ಉಪ್ಪುನೀರು ಆಳದ ಪದರುಗಳ ನಡುವೆ ದೂರದಿಂದ ಹರಿದು ಬಂದು ತಗ್ಗಿನಲ್ಲಿ ಒಸರುತ್ತದೆ. ಅಲ್ಲಿ ದಿಬ್ಬ ಏಳುವುದು ಕಡಿಮೆ. ಚೆಲ್ಲಿದ ಅಂಬಲಿ ಹರಡಿಕೊಂಡಂತೆ ಕೆಸರಿನ ಪದರಿನ ನಡುವೆ ಹಪ್ಪಳವಾಗಿ ಹರಡುತ್ತದೆ. ಸೀಸ, ಸತುವು ಅಲ್ಲಿ ಹೆಚ್ಚು. ಎರಡು ಕಡೆಯೂ ಮೇಲೆ ಕೆಸರು ಬಿದ್ದು ಮುಚ್ಚಿದರೆ ಮಾತ್ರ ಅದು ಉಳಿಯುತ್ತದೆ. ಮುಚ್ಚದಿದ್ದರೆ ಜಗಲಿಯ ಮೇಲಿನ ಕಲ್ಲಿನಂತೆ ಕೊಳೆತು ಹೋಗುತ್ತದೆ.

ನಮ್ಮ ಬಾವಿಯಲ್ಲಿ ಗುಡ್ಡದ ಕಡೆಯ ಗೋಡೆ ಹಸಿರು ಬೆಂಕಿಕಲ್ಲು, ಊರಿನ ಕಡೆಯ ಗೋಡೆ ಕಪ್ಪು ಕೆಸರುಕಲ್ಲು, ಎರಡರ ಸಂದಿಯಲ್ಲಿ ಆ ಹೊಳೆಯುವ ಪಟ್ಟಿ. ಒಂದು ಕಾಲಕ್ಕೆ ಮಲಗಿದ್ದ ಪದರುಗಳು ನೆಲ ಮಡಚಿದಾಗ ಎದ್ದು ನಿಂತಿವೆ, ಬುಟ್ಟಿಯಲ್ಲಿ ರೊಟ್ಟಿಗಳನ್ನು ಅಡ್ಡ ನಿಲ್ಲಿಸಿದ ಹಾಗೆ. ನಾವು ಎಲ್ಲವನ್ನೂ ಬಿಟ್ಟು ಸರಿಯಾಗಿ ಆ ಸಂದಿಯಲ್ಲೇ ತೋಡಿದ್ದೆವು.

“ಇದು ಹಿಂಗಽ ಆತು ಅಂತ ನೀ ನೋಡೀಯೇನು?” ಎಂದು ಮಾವನವರು ಕೇಳಿದರು.

“ಇಲ್ರಿ. ನಮ್ಮ ಗುರುಗೋಳ ನಡುವನೂ ಜಗಳ ಐತಿ. ಬಿಸಿನೀರು ಆಮ್ಯಾಲೆ ಬಂದು ಗಟ್ಟಿ ಕಲ್ಲನ್ನ ತಿಂದು ಅದರ ಜಾಗಾದಾಗ ಕುಂತೈತಿ ಅಂತಾರ ಭಾಳ ಮಂದಿ. ಸಮುದ್ರದ ತಳದಾಗನ ಉದರೇತಿ ಅನ್ನೂದು ಕೆಲವರ ಮಾತು. ನಿಮ್ಮ ಬಾವಿ ನೋಡಿದ ಮ್ಯಾಲೆ ನಾ ಕೆಲವರ ಕಡೆ.”

ಎಷ್ಟೋ ಕಾಲ ಕಳೆದ ಮೇಲೆ, ಅವನೂ ಮುದುಕನಾದ ಮೇಲೆ, ಒಂದು ದಿನ ಬಂದು ಹೇಳಿದ: ಆಳ ಸಮುದ್ರಕ್ಕೆ ಇಳಿದವರು ಅದನ್ನು ಕಣ್ಣಾರೆ ಕಂಡರಂತೆ. ತಳದಲ್ಲಿ ಕಲ್ಲಿನ ಹೊಗೆಗೂಡುಗಳು, ಅವುಗಳಿಂದ ಕಪ್ಪು ಹೊಗೆಯಂತೆ ನೀರು. ನನಗೆ ನೆನಪಾದದ್ದು ಅತ್ತೆ ಕಂಬಕ್ಕೆ ಒರಗಿ ಕುಳಿತ ಆ ಮಧ್ಯಾಹ್ನ.

ಅತ್ತೆ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದ್ದರು. “ಆ ತಳದಾಗಿನ ಒಲಿ ಹಚ್ಚಿದವರು ಯಾರೋ ತಮ್ಮಾ?” ಎಂದರು.

“ಅದು ನಮ್ಮ ಪುಸ್ತಕದಾಗ ಇಲ್ರಿ ಅತ್ತಿ.”

“ಹಂಗಾರ ಅದನ್ನ ನಾ ಬಲ್ಲೆ.” ಕಣ್ಣು ತೆರೆದು ಹೇಳಿದರು: “ಕಲ್ಲಿನ ಕತಿ ಖರೇ ಇರಬೇಕು. ಆದ್ರ ನನ್ನ ಕರಡಿಗಿ ಯಾಕ ಕಪ್ಪಾತು? ಅದು ನನ್ನ ಎದಿ ಮ್ಯಾಲಿತ್ತು, ಸಮುದ್ರದಾಗ ಇರಲಿಲ್ಲ.”

ತಮ್ಮನಿಗೆ ಉತ್ತರ ಗೊತ್ತಿತ್ತು. ಹೇಗೆ ಹೇಳಿದರೆ ಅವರಿಗೆ ಮುಟ್ಟೀತು ಎಂಬುದು ಗೊತ್ತಿರಲಿಲ್ಲ. ಅದನ್ನು ನಾನೇ ಅಡಿಗೆಮನೆಯಿಂದ ತಂದೆ ಅನ್ನಬೇಕು, ಬೇಕೆಂದು ತಂದದ್ದಲ್ಲ. ಅತ್ತೆಯ ಹೊಟ್ಟೆಗೆ ಒಳ್ಳೆಯದೆಂದು ಅತ್ತಾರರಾಕೆ ಕೊಟ್ಟ ಅಳಲೆಕಾಯಿಯನ್ನು ಹಿಂದಿನ ದಿನ ಕುದಿಸಿದ್ದೆ. ಅವಸರದಲ್ಲಿ ಬಾವಿಯ ನೀರು ಹಾಕಿಬಿಟ್ಟಿದ್ದೆ. ಕಷಾಯ ಕಾಡಿಗೆಯಂತೆ ಕಪ್ಪಾಗಿ, ಹೆದರಿ ಮೂಲೆಯಲ್ಲಿ ಮುಚ್ಚಿಟ್ಟಿದ್ದೆ. ಇದೂ ಅಪಶಕುನವೇ ಎಂದು ಕೇಳಲು ಆ ಗಡಿಗೆಯನ್ನು ಈಗ ತಮ್ಮನ ಮುಂದೆ ತಂದಿಟ್ಟೆ.

ಅವನು ನೋಡಿ ಕುಣಿಯುವುದೊಂದು ಬಾಕಿ. “ಅಕ್ಕಾ, ಹಳ್ಳದ ನೀರಾಗ ಒಂದೀಟು ಅಳಲೀಕಾಯಿ ಕುದಿಸಿ ಸೋಸಿ ತಾ.” ಕುದಿಸಿ ತಂದೆ, ತೆಳು ಹಳದಿಯ ತಿಳಿ ಕಷಾಯ. ಬಾವಿಯಿಂದ ಆಗಷ್ಟೇ ಸೇದಿದ ಒಂದು ಚರಿಗೆ ನೀರು ತರಿಸಿದ, ಅದೂ ತಿಳಿ. ಎರಡನ್ನೂ ಅತ್ತೆಯ ಕೈಗೆ ಕೊಟ್ಟು ನೋಡಲು ಹೇಳಿದ. ಆಮೇಲೆ ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ಅವರ ಕೈಯಿಂದಲೇ ಎರಡನ್ನೂ ಕೂಡಿಸಿದ.

ನಮ್ಮೆಲ್ಲರ ಕಣ್ಣೆದುರು ಬಟ್ಟಲಿನ ತಿಳಿನೀರು ನೇರಳೆಯಾಗಿ, ನೋಡನೋಡುತ್ತ ಕಪ್ಪಾಯಿತು.

“ಎರಡರಾಗ ಯಾವುದು ಕೆಟ್ಟಿತ್ರಿ ಅತ್ತಿ?”

ಅತ್ತೆ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದರು, ಮತ್ತೆ ಇಳಿಸಿದರು. “ಎರಡೂ ಛಲೋ ಇದ್ದವು.”

“ಬಟ್ಟಲದಾಗ ನೀರಿನ ಕಬ್ಬಣ ಅಳಲೀಕಾಯಿಗೆ ಕೂಡೇತಿ. ಆ ಕಲ್ಲಿನ ಗಂಧಕನೂ ನೀರಿಗೆ ಬಂದೈತಿ. ಬೆಳ್ಳಿಗೂ ಗಂಧಕಕ್ಕೂ ತಾಗಿದ್ರ ಹಿಂಗಽ ಕಪ್ಪಾಕ್ಕೈತಿ. ಅದು ನಿಮ್ಮ ತಪ್ಪೂ ಅಲ್ಲ, ಬೆಳ್ಳೀದೂ ಅಲ್ಲ, ನೀರಿಂದೂ ಅಲ್ರಿ. ಸಮುದ್ರದ ತಳದಾಗ ಆಗಿದ್ದೂ ಇಂಥಾದ್ದ. ಎರಡು ನೀರು ಕೂಡಿದ್ವು, ಮಸಿ ಬಿತ್ತು.”

ಅತ್ತೆ ಕೊರಳಿನಿಂದ ಕರಡಿಗೆ ಬಿಚ್ಚಿದರು. ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಖಾಲಿ ಕರಡಿಗೆಯನ್ನು ನನ್ನ ಕಡೆ ಚಾಚಿದರು. ನಾನು ಒಲೆಯ ಬೂದಿ, ಹುಣಸೆಹಣ್ಣು ತಂದು ಅವರ ಕಣ್ಣೆದುರಿಗೇ ತಿಕ್ಕಿದೆ. ಅಷ್ಟು ಹೊತ್ತೂ ಅವರು ಲಿಂಗವನ್ನು ಕೆಳಗಿಡಲಿಲ್ಲ. ನಡುಗುವ ಕೈಯನ್ನು ಬಲಗೈಯಿಂದ ಹಿಡಿದುಕೊಂಡು ಕುಳಿತಿದ್ದರು. ಮೊದಲು ಅಂಚು ಬೆಳ್ಳಗಾಯಿತು, ಆಮೇಲೆ ಮುಚ್ಚಳ. ಸಂದಿಗಳಲ್ಲಿ ತುಸು ಕಪ್ಪು ಉಳಿಯಿತು, ಅದು ಇಂದಿಗೂ ಇದೆ.

“ಅಡಗಿ ಮಾಡೋ ಮನ್ಯಾಗ ಮಸಿ ಇರೂದ” ಎಂದರು ಕರಡಿಗೆಯನ್ನು ಕೈಗೆ ತೆಗೆದುಕೊಂಡು. ನಂತರ, “ಆದ್ರ ನನ್ನ ಹರಕಿ ಈ ಬಾವಿ ನೀರಿಂದು. ಮತ್ತ ಕಪ್ಪ ಮಾಡೋ ನೀರ ನಾ ಹ್ಯಾಂಗ ಏರಸ್ಲಿ?”

“ಹುಳಿಗೆ ಸುಣ್ಣ ಆಗಬೇಕ್ರಿ” ಎಂದ ತಮ್ಮ. “ಸುಣ್ಣ ಹಾಕಿ ಇಟ್ರ ಕಬ್ಬಣ ತಳಾ ಹಿಡೀತೈತಿ. ಗಾಳಿಗೆ ಸುರುವಿದ್ರ ವಾಸನಿ ಹೋಕ್ಕೈತಿ.”

ಅತ್ತೆ ಸೊಂಟದ ಎಲೆ ಸಂಚಿಗೆ ಕೈ ಹಾಕಿದರು. ಒಪ್ಪತ್ತಿನ ದಿನದಿಂದ ಎಲೆ ಬಿಟ್ಟಿದ್ದರೂ ಸಂಚಿ ಬಿಟ್ಟಿರಲಿಲ್ಲ; ಸುಣ್ಣದ ಡಬ್ಬಿ ಅದರಲ್ಲೇ ಇತ್ತು.

ನೀರನ್ನು ಕೊಡದಿಂದ ಕೊಡಕ್ಕೆ ಎತ್ತರದಿಂದ ಸುರಿದು ಸುರಿದು ನನ್ನ ತೋಳು ಸೋತಿತು. ಅತ್ತೆ ಬೆರಳ ತುದಿಯಿಂದ ಸುಣ್ಣ ಹಾಕಿ ಕೈಯಾಡಿಸಿದರು. ಹಾಕಿದ ಕೂಡಲೇ ನೀರು ರಾಡಿಯಾಗಿ ಕದಡಿತು. ಬಟ್ಟೆ ಮುಚ್ಚಿ ಬಿಟ್ಟೆವು. ಬೆಳಗಿಗೆ ಕೊಡದ ತಳದಲ್ಲಿ ಕೆಮ್ಮಣ್ಣಿನಂಥ ಕೆಸರು ಕುಳಿತಿತ್ತು, ಮೇಲೆ ನೀರು ಕನ್ನಡಿಯಂತೆ. ನಾಲಿಗೆಗೆ ಹಚ್ಚಿದೆ. ಹುಳಿ ಹೋಗಿತ್ತು. ಮೆಲ್ಲಗೆ ಬಾಗಿಸಿ ಬಟ್ಟೆಯಲ್ಲಿ ಸೋಸಿ ಚರಿಗೆ ತುಂಬಿದೆ.

ಅತ್ತೆ ಪೂಜೆಗೆ ಕುಳಿತರು. ಕೈ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿದರು. ನೀರು ಲಿಂಗದ ಮೇಲೆ ಬಿದ್ದು ಬೆರಳ ಸಂದಿಯಿಂದ ಇಳಿಯಿತು. ಕರಡಿಗೆಯನ್ನೂ ಅದೇ ನೀರಿನಲ್ಲಿ ತೊಳೆದರು. ಹಾಕಿಕೊಂಡು ಬಿಸಿಲಿಗೆ ಬಂದು ಕುಳಿತರು. ಮಾವನವರು ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆಯೇ ಇದ್ದು ಆಗಾಗ ತಿರುಗಿ ಆ ಕರಡಿಗೆಯ ಕಡೆ ನೋಡುತ್ತಿದ್ದರು. ಬಿಸಿಲು ನೆತ್ತಿಗೇರಿತು. ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು.

“ತಂಗಿ, ಏನರ ಹಾಕು” ಎಂದರು ಅತ್ತೆ.

ಬಹಳ ದಿನ ಬರಿದಿದ್ದ ಹೊಟ್ಟೆಗೆ ರೊಟ್ಟಿ ಆಗದೆಂದು, ಬೇಸಿಗೆಯಲ್ಲಿ ನಾವಿಬ್ಬರೂ ಹೊಸೆದಿದ್ದ ಶಾವಿಗೆಯನ್ನು ಹಾಲಿನಲ್ಲಿ ಬೇಯಿಸಿ ಬೆಲ್ಲ ಹಾಕಿ ತಂದೆ. ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನುಂಗದೆ ಕುಳಿತಿದ್ದರು. ಆಮೇಲೆ ಮಾವನವರ ಕಡೆ ನೋಡಿ, “ಅದು ಬಂಗಾರ ಆಗಿರಲಿಲ್ಲ, ಛಲೋ ಆತ್ರಿ. ಆಗಿದ್ರ ನನಗ ನೀರಽ ಸಿಗತಿದ್ದಿಲ್ಲ” ಎಂದರು. ಮಾವನವರು ತಲೆ ಬಗ್ಗಿಸಿ, ತಮ್ಮನಿಗೆ, “ಹೊಸಾ ಬಾವಿ ಎಲ್ಲಿ ತೋಡಬೇಕು, ಗೂಟ ಬಡದು ಹೋಗು” ಎಂದರು. ಅವನು ಗುಡ್ಡದ ಕಡೆಗೆ, ಪಟ್ಟಿಯಿಂದ ದೂರ, ಹಸಿರು ಕಲ್ಲಿನ ನೆಲದಲ್ಲಿ ಗೂಟ ಬಡಿದ. ಮುಂದಿನ ಬೇಸಿಗೆಯಲ್ಲಿ ಅಲ್ಲಿ ಸಿಹಿನೀರು ಬಂತು. ಅತ್ತಾರರಾಕೆಗೆ ಅದರ ಮೊದಲ ಕೊಡ ಕೊಟ್ಟೆ. ಅತ್ತೆಗೆ ಮಾತ್ರ ಅಲ್ಲಿಯ ತನಕ ನಡೆಯುವ ಶಕ್ತಿ ಮತ್ತೆ ಬರಲಿಲ್ಲ; ಇದ್ದಷ್ಟು ದಿನ ಅವರ ಅಗ್ಘವಣಿಯನ್ನು ನಾನೇ ತಂದೆ. ತರುವ ಭಾಗ್ಯ ಸಿಕ್ಕಿತು ಎಂದುಕೊಂಡೆ. ಅವರನ್ನು ಮಣ್ಣಿಗೆ ಕೊಟ್ಟ ದಿನ ಲಿಂಗ ಅವರ ಅಂಗೈಯಲ್ಲಿ ಹೋಯಿತು, ಕರಡಿಗೆ ನನಗೆ ಉಳಿಯಿತು.

ಹರಕೆ ತೀರಿದ ಆ ದಿನ ಶಾವಿಗೆಯ ಬಟ್ಟಲು ಖಾಲಿ ಮಾಡಿ ಕೊಡುವಾಗ ಅವರು ಮೂಗೆತ್ತಿ ಮೂಸಿದರು. “ಪಂಚಮಿ ಅಳ್ಳು ಹುರಿಯಾಕ ಹಂಚ ಇಟ್ಟಿದ್ದೇನ? ಕಾದ ವಾಸನಿ ಬರಾಕತ್ತೈತಿ, ಹೋಗು.”

ನಾನು ಒಳಗೆ ಓಡಿ, ನೆನೆಸಿಟ್ಟ ಜೋಳವನ್ನು ಹಿಡಿ ಹಿಡಿಯಾಗಿ ಹಂಚಿಗೆ ಹಾಕಿ ಹಬ್ಬದ ಅರಳು ಹುರಿಯತೊಡಗಿದೆ.